ಬಿಸ್ಕತ್ತಿನೊಳಗಿನ ಮಸುಕು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹುಳುಕಕ್ಕ ಎಂದು. ವಸ್ತುವನ್ನು ಪುಟ್ಟ ತಿರುಗುಮಣೆಯ ಮೇಲೆ ಕೂರಿಸಿ, ಅದು ತಿರುಗಿದಂತೆಲ್ಲ ಎಕ್ಸ್‌ರೇ ಚಿತ್ರ ತೆಗೆಯುವುದು ಅವಳ ಕೆಲಸ. ಆ ನೂರಾರು ಚಿತ್ರಗಳನ್ನು ಕಂಪ್ಯೂಟರ್ ಕೂಡಿಸಿ, ಚಾಕು ಸೋಕಿಸದೆ ಒಳಗನ್ನು ಬಿಲ್ಲೆಬಿಲ್ಲೆಯಾಗಿ ತೋರಿಸುತ್ತದೆ. ಎರಕದ ಕಬ್ಬಿಣ, ಕಲ್ಲು, ಮೂಳೆ, ಎಲ್ಲದರ ಹೊಟ್ಟೆಯೂ ಅವಳಿಗೆ ಗೊತ್ತು. ಮೇಲೆ ಥಳುಕು, ಒಳಗೆ ಹುಳುಕು: ಆ ಗಾದೆಯೇ ಅವಳಿಗೆ ಅನ್ನ ಹಾಕುತ್ತಿತ್ತು.

ಈ ಸಲ ಬಂದದ್ದು ಎಳೆಮಕ್ಕಳ ಬಿಸ್ಕತ್ತು. ಒಳಗಿನ ಗಾಳಿಗುಳ್ಳೆ ಎಣಿಸಿ ಕಂಪನಿಗೂ ಆಹಾರ ತಪಾಸಣೆ ಕಚೇರಿಗೂ ವರದಿ ಕಳಿಸಬೇಕು. ವರದಿ ಸರಿಯಿದ್ದರೆ ಡಬ್ಬಿಗಳು ಅಂಗಡಿಗೆ. ಬಿಲ್ಲೆಗಳ ನಡುವೆ ಒಂದು ಮಸುಕು ಕಂಡಿತು. ಮಾದರಿ ಅಲುಗಾಡಿದರೆ ಹೀಗಾಗುವುದುಂಟು. ‘ಥೂ, ನನ್ನ ಕೈಗೇನು ಬಂತು’ ಎಂದು ಬೈದುಕೊಂಡು, ಸ್ಪಂಜು ಒತ್ತಿ ಬಿಗಿಯಾಗಿ ಕೂರಿಸಿದಳು. ಮತ್ತೆ ಮಸುಕು, ಈಗ ಬೇರೆ ಜಾಗದಲ್ಲಿ. ಬಿಸ್ಕತ್ತಿನ ಅಂಚು ಮಾತ್ರ ಗೀಟೆಳೆದಷ್ಟು ಸ್ಪಷ್ಟ. ಅಂದರೆ ಬಿಸ್ಕತ್ತು ಅಲುಗಿಲ್ಲ. ಒಳಗೆ ಏನೋ ತೆವಳುತ್ತಿದೆ. ‘ಇಶ್ಶಿ!’ ಎಂದು ಪರದೆಯಿಂದ ಹಿಂದೆ ಸರಿದಳು. ಹಲ್ಲು ಮೂಡುತ್ತಿರುವ ತಂಗಿಯ ಮಗು ದಿನಾ ಚೀಪುವುದು ಈ ಕಂಪನಿಯದ್ದನ್ನೇ.

ಮೇಲಧಿಕಾರಿ ಪರದೆ ನೋಡಿ ಆಕಳಿಸಿದ.

“ಮಾದರಿ ಅಲುಗಾಡಿತು ಅಂತ ಬರೆದುಬಿಡಮ್ಮ. ಅತ್ತಿಹಣ್ಣು ಬಿಚ್ಚಿ ನೋಡೋ ಉಸಾಬರಿ ನಮಗ್ಯಾಕೆ?”

“ಮಕ್ಕಳು ತಿನ್ನೋದು ಸಾರ್ ಇದು!”

ಬಿಸ್ಕತ್ತನ್ನು ತಂದು, ಮಸುಕಿದ್ದ ಜಾಗಕ್ಕೆ ಸರಿಯಾಗಿ ಅವನ ಮೂಗಿನಡಿಯೇ ಮುರಿದಳು. ಬೆಳ್ಳಗಿನ ಹುಳವೊಂದು ತಲೆಯೆತ್ತಿತು. ಇನ್ನಾದರೂ ಬಾಯಿ ಮುಚ್ಚುತ್ತಾನೆ ಎಂದುಕೊಂಡಳು. ಅವನು ಹುಳವನ್ನು ಉಗುರಿನಿಂದ ಚಿಮ್ಮಿ, ಆ ತುಂಡನ್ನೇ ಬಾಯಿಗೆ ಹಾಕಿಕೊಂಡು ಕರುಂಕುರುಂ ಅಗಿದ.

“ನೋಡು, ಏನಾಯ್ತು ನಂಗೆ? ಕಳಿಸು ವರದಿ.”

ಅವನ ಮೀಸೆಗೆ ಪುಡಿ ಅಂಟಿತ್ತು. ಅಷ್ಟು ಹೊತ್ತೂ ಹುಳದ ಮೇಲಿದ್ದ ಅವಳ ಅಸಹ್ಯವೆಲ್ಲ ಅವನ ಮೇಲೆ ತಿರುಗಿತು. ಹುಳ ಪಾಪ, ಹಿಟ್ಟು ಸಿಕ್ಕಲ್ಲಿ ಬದುಕಿಕೊಂಡಿತ್ತು. ಇವನಿಗೇನು ದಾಡಿ?

ಅವನು ಕೈ ತೊಳೆಯಲು ಹೋದ. ಅವಳು ಎರಡೂ ಸಲದ ಬಿಲ್ಲೆಗಳನ್ನು ಮೊದಲ ಪುಟಕ್ಕೇ ಸೇರಿಸಿ, ಕೆಳಗೆ ಬರೆದು, ಕಂಪನಿಗೂ ತಪಾಸಣೆ ಕಚೇರಿಗೂ ಕಳಿಸಿಬಿಟ್ಟಳು: “ಮಾದರಿ ಅಲುಗಾಡಿಲ್ಲ. ಅದರೊಳಗಿನ ಹುಳ ಅಲುಗಾಡಿದೆ. ಹುಳವಿದ್ದ ತುಂಡನ್ನು ನಮ್ಮ ಮೇಲಧಿಕಾರಿಗಳು ಖುದ್ದಾಗಿ ತಿಂದು ಪರೀಕ್ಷಿಸಿದ್ದಾರೆ.”