ನಿಂಗಮ್ಮತ್ತೆಯ ಆರೋ ತಟ್ಟೆ

ಮೊನ್ನೆ ಭಾನುವಾರ ಬೆಳಿಗ್ಗೆ ಮದ್ದೂರಿನ ನಮ್ಮ ಮನೆಯ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಬೆರಳಿಗೆಲ್ಲ ಸೊಗಡು ಅಂಟಿತ್ತು. ಅಕ್ಕನ ಮಗಳು ಕಾವ್ಯ ಪಕ್ಕದಲ್ಲಿ ಕೂತು ಸಹಾಯ ಮಾಡುತ್ತಿದ್ದಳು. ಸಹಾಯ ಅಂದರೆ, ಒಂದು ಕಣ್ಣನ್ನು ಫೋನಿನ ಮೇಲಿಟ್ಟು, ಕಾಯಿಯಲ್ಲಿ ಹುಳ ಕಂಡಾಗಲೆಲ್ಲ ಕಿರುಚುವುದು. ಹಾಗಾಗಿ ಇನ್ನೊಂದು ಕಿರುಚಾಟ ಕೇಳಿದಾಗ ನಾನು ತಲೆಯೆತ್ತಲಿಲ್ಲ. ಆಮೇಲೆ ಗೊತ್ತಾಯಿತು, ಕಿರುಚಿದ್ದು ಕಾವ್ಯ ಅಲ್ಲ, ಫೋನು.

"ಅವ್ವೋ! ಬಂತು! ಬಂತು! ಕಾಪಾಡ್ರಪ್ಪೋ!"

ಆ ದನಿಯ ಪರಿಚಯ ನನಗಿತ್ತು. ಇರದೆ ಏನು, ಅದು ನನ್ನದೇ ಗಂಟಲು.

"ಮಾವ, ಇಲ್ನೋಡಿ. ಕೆರಗೋಡಿನ ಕಬ್ಬಿನ ಗದ್ದೆಗೆ ಏಲಿಯನ್ ಬಂದಿತ್ತಂತೆ. ವಿಡಿಯೋ ತೆಗೆದವರು ಇವತ್ತಿಗೂ ಪತ್ತೆ ಇಲ್ವಂತೆ" ಎಂದಳು. ಪತ್ತೆ ಇಲ್ಲದವರಲ್ಲಿ ಒಬ್ಬ ಅವಳ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದ. ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡು ನೋಡಿದೆ. ಕಬ್ಬಿನ ಸಾಲಿನ ನಡುವೆ ಒಬ್ಬ ಲುಂಗಿ ಎತ್ತಿಕಟ್ಟಿಕೊಂಡು ಓಡುತ್ತಿದ್ದಾನೆ. ನನ್ನ ಬೆನ್ನೇ. ಆಗ ನನಗೆ ಸೊಂಟ ಇತ್ತು ಎಂಬುದಕ್ಕೆ ಈಗ ಉಳಿದಿರುವ ದಾಖಲೆ ಬಹುಶಃ ಅದೊಂದೇ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಈಗಿನ ಮಕ್ಕಳು ನೋಡಿ, ಯಾವುದನ್ನೂ ಸುಮ್ಮನೆ ನೋಡುವುದಿಲ್ಲ. ಆಕಾಶದಲ್ಲಿ ತಟ್ಟೆ ತೇಲಿಬಂದ ಕಡೆ ವಿಡಿಯೋ ನಿಲ್ಲಿಸಿದಳು, ಎರಡು ಬೆರಳಲ್ಲಿ ಹಿಗ್ಗಿಸಿದಳು, ಫೋನನ್ನು ತಲೆಕೆಳಗು ಮಾಡಿದಳು. "ಮಾವ, ತಟ್ಟೆ ಮೇಲೆ ಏನೋ ಬರ್ದಿದೆ. ನಿಂ... ಗ... ಮ್ಮ. ನಿಂಗಮ್ಮ! ಏಲಿಯನ್ ಹೆಸರು ನಿಂಗಮ್ಮನಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಕೈಲಿದ್ದ ಕಾಳು ಸಿಪ್ಪೆಯ ಕಡೆಗೆ, ಸಿಪ್ಪೆ ಕಾಳಿನ ಕಡೆಗೆ ಬಿತ್ತು. "ಇದನ್ನ ಗ್ರೂಪಿಗೆ ಹಾಕ್ತೀನಿ" ಎಂದವಳ ಕೈಕಾಲು ಹಿಡಿಯುವುದೊಂದು ಬಾಕಿ. ಸಾಯಂಕಾಲದವರೆಗೆ ಸುಮ್ಮನಿರಲು ಒಪ್ಪಿದಳು.

ನಾನೇಕೆ ಹಾಗೆ ಗಾಬರಿಯಾದೆ ಎಂದು ನಿಮಗೆ ತಿಳಿಯಬೇಕಾದರೆ ಮೊದಲು ಈ ಜಾತಿಯ ಸಿನಿಮಾದ ಬಗ್ಗೆ ಹೇಳಬೇಕು. ಯಾರೋ ನಾಲ್ಕು ಜನ ಕ್ಯಾಮೆರಾ ಹಿಡಿದು ಕಾಡಿಗೆ ಹೋಗುತ್ತಾರೆ. ಆಮೇಲೆ ಅವರಿರುವುದಿಲ್ಲ, ಕ್ಯಾಮೆರಾ ಮಾತ್ರ ಸಿಗುತ್ತದೆ. ಅದರಲ್ಲಿ ಇದ್ದದ್ದೇ ಸಿನಿಮಾ. ಒಂದೂವರೆ ಗಂಟೆ ನೆಲ, ಚಪ್ಪಲಿ, ಉಸಿರಾಟ, ಮತ್ತೆ ನೆಲ. ಬೇರೆ ಲೋಕದವನು ಕೊನೆಯ ಅರ್ಧ ನಿಮಿಷಕ್ಕೆ ಬರುತ್ತಾನೆ, ಬಂದರೂ ಅರ್ಧವೇ ಕಾಣುತ್ತಾನೆ. ಪ್ರಾಣ ಹೋಗುತ್ತಿದ್ದರೂ ಒಬ್ಬರೂ ಕ್ಯಾಮೆರಾ ಕೆಳಗಿಡುವುದಿಲ್ಲ. ಇದೇನು ಧೈರ್ಯವೋ, ಬಾಡಿಗೆ ಕ್ಯಾಮೆರಾದ ಭಯವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದ ಕಾಲದಲ್ಲಿ ಇಂಥ ಒಂದು ಸಿನಿಮಾವನ್ನು ಸಿದ್ದರಾಜು ಸಿ.ಡಿ.ಯಲ್ಲಿ ತಂದು ತೋರಿಸಿದ. ಮುಗಿಯುತ್ತಲೇ ಇಬ್ಬರ ಬಾಯಲ್ಲೂ ಒಂದೇ ಮಾತು ಬಂತು: "ಇದ್ನ ನಾವೂ ಮಾಡ್ಬೋದು ಕಣ್ಲಾ."

ಸಿದ್ದರಾಜು ಹಲಗೂರಿನವನು, ನನ್ನ ಕಾಲೇಜಿನ ಗೆಳೆಯ. ಮಳವಳ್ಳಿಯ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ತೆಗೆಯುತ್ತಿದ್ದ. ಅವನ ಕೈ ಎಂಥದೆಂದರೆ, ಊಟದ ಪಂಕ್ತಿಯಲ್ಲಿ ಯಾರು ಮೊಣಕೈಯಲ್ಲಿ ತಿವಿದರೂ ಕ್ಯಾಮೆರಾ ಅಲುಗುತ್ತಿರಲಿಲ್ಲ. ನಮ್ಮ ಸಿನಿಮಾಕ್ಕೆ ಅದೇ ದೊಡ್ಡ ತೊಡಕಾಯಿತು. "ಅಲ್ಲಾಡ್ಸೋ" ಎಂದರೆ ಅವನು ಗಾಬರಿಯಾಗುತ್ತಿದ್ದ. "ಅಲ್ಲಾಡುದ್ರೆ ಓನರ್ರು ಒದೀತಾರೆ ಕಣ್ಲಾ. ವರ್ಸಾನ್‌ಗಟ್ಲೆ ಅಲ್ಲಾಡ್ದಂಗೆ ಇಡ್ಕೊಂಡ್ ಬಂದಿವ್ನಿ, ಈಗ ಕೈ ಕೆಡ್ಸ್ಕೊಳ್ಳಾ?" ಕೊನೆಗೆ ಸವೆದ ಹವಾಯಿ ಚಪ್ಪಲಿ ಹಾಕಿಸಿ ಗದ್ದೆಯ ಬದುವಿನ ಮೇಲೆ ಓಡಿಸಿದೆ. ಆಗ ತಾನಾಗಿ ಅಲ್ಲಾಡಿತು.

ಗದ್ದೆ ಕೆರಗೋಡಿನದು, ನನ್ನ ಸೋದರತ್ತೆ ನಿಂಗಮ್ಮನದು. ಬೇರೆ ಕಡೆ ಕಬ್ಬು ಇರಲಿಲ್ಲ ಅಂತಲ್ಲ. ಮಂಡ್ಯ ಸೀಮೆಯಲ್ಲಿ ಕಬ್ಬಿಗೇನು ಬರ? ಅತ್ತೆಯ ಗದ್ದೆಗೇ ಹೋಗಲು ಒಂದು ಕಾರಣವಿತ್ತು. ಅತ್ತೆ ಮದುವೆಯಾಗಿ ಆ ಊರಿಗೆ ಬಂದ ಹೊಸತರಲ್ಲಿ, ಒಂದು ಸಂಜೆ ಹುಲ್ಲು ಕೊಯ್ಯಲು ಹೋದವಳು ಹೊರೆಯನ್ನೂ ಕುಡುಗೋಲನ್ನೂ ಬಿಟ್ಟು ಓಡಿಬಂದಿದ್ದಳಂತೆ. ಕಬ್ಬಿನ ಹಿಂದೆ ಒಂದು ಬೆಳಕು ಇಳಿಯಿತು ಎಂದು ಹೇಳಿದಳಂತೆ. ಯಾರೂ ನಂಬಲಿಲ್ಲ. ಟ್ರ್ಯಾಕ್ಟರಿನ ದೀಪ ಎಂದರು, ಕೊಳ್ಳಿದೆವ್ವ ಎಂದರು, ತವರಿಗೆ ಹೋಗಲು ಹೂಡಿದ ಆಟ ಎಂದರು.

ಅಲ್ಲಿಗೇ ಬಿಟ್ಟಿದ್ದರೆ ಸರಿ. ಆವತ್ತಿನಿಂದ ಅತ್ತೆ ಕಣ್ಣಾರೆ ಕಂಡದ್ದಕ್ಕೆ ಬೆಲೆಯೇ ಇಲ್ಲದಂತಾಯಿತು. ಪಕ್ಕದವರ ಎಮ್ಮೆ ನಮ್ಮ ಪೈರು ಮೇಯ್ದದ್ದನ್ನು ನಾನೇ ನೋಡಿದೆ ಎಂದರೆ, "ಎಂಗ್ ನೋಡ್ದೆ? ಆ ಬೆಳಕ್ ನೋಡ್ದಂಗಾ?" ಎಂದು ನಗುತ್ತಿದ್ದರು. ಅತ್ತೆಯ ಗಂಡ, ನಮ್ಮ ಮಾವನಂತೂ ಜಗಳ ಬಂದಾಗಲೆಲ್ಲ "ನಿನ್ ಬೆಳಕ್ ಬಂದು ನಿನ್ನ ಕರ್ಕೊಂಡೋಗ್ಬಾರ್ದಾ" ಎನ್ನುತ್ತಿದ್ದ. ಅತ್ತೆ ಬೇರೆ ಎಲ್ಲದಕ್ಕೂ ತಿರುಗಿಸಿ ಕೊಡುವ ಹೆಂಗಸು, ಅದೊಂದಕ್ಕೆ ಮಾತ್ರ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಅತ್ತೆಗೆ ನ್ಯಾಯ ಕೊಡಿಸಲು ಸಿನಿಮಾ ತೆಗೆದೆವು ಎಂದು ಈಗ ಹೇಳಿಕೊಂಡರೆ ಕೇಳಲು ಚೆನ್ನಾಗಿರುತ್ತದೆ. ಸುಳ್ಳು. ಊರವರು ಆಗಲೇ ಆಡಿಕೊಳ್ಳುತ್ತಿದ್ದ ಜಾಗದಲ್ಲಿ ತೆಗೆದರೆ ನಂಬುತ್ತಾರೆ ಎಂಬ ಕಿಡಿಗೇಡಿತನ, ಅಷ್ಟೇ.

ಹಾರುವ ತಟ್ಟೆ ಬೇಕಲ್ಲ? ಅತ್ತೆಯ ಅಡುಗೆಮನೆಯ ಹಲಗೆಯಿಂದ ಎರಡು ಸ್ಟೀಲ್ ತಟ್ಟೆ ಎತ್ತಿದೆವು. ಬಾಯಿಗೆ ಬಾಯಿ ಸೇರಿಸಿ ವಯರಿನ ಟೇಪು ಸುತ್ತಿದೆವು. ಅವು ಮದುವೆಯಲ್ಲಿ ತವರಿನವರು ಕೊಟ್ಟ ಆರು ತಟ್ಟೆಗಳಲ್ಲಿ ಎರಡು. ಆ ಕಾಲದ ರೂಢಿ ನಿಮಗೂ ಗೊತ್ತಲ್ಲ, ಪಾತ್ರೆ ಅಂಗಡಿಯವನು ಟರ್ ಟರ್ ಎಂದು ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಕೊಡುತ್ತಿದ್ದ. ಅತ್ತೆಯ ಹೆಸರು ತಟ್ಟೆಯ ಬೆನ್ನಿಗಿತ್ತು. ಬಾಯಿಗೆ ಬಾಯಿ ಸೇರಿಸಿದರೆ ಬೆನ್ನೇ ಹೊರಗೆ ಬರುತ್ತದೆ ಎಂಬುದು ಪದವೀಧರರಾದ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ವಿದೇಶದವರು ಇದನ್ನೆಲ್ಲ ಸರಿರಾತ್ರಿ ತೆಗೆಯುತ್ತಾರೆ. ನಾವು ಸಂಜೆ ಐದೂವರೆಗೆ ತೆಗೆದೆವು, ಏಕೆಂದರೆ ಕಬ್ಬಿನೊಳಗೆ ಚಿರತೆ ಇದೆಯೆಂದು ಊರೆಲ್ಲ ಸುದ್ದಿ. ಪಂಪ್‌ಸೆಟ್ ಮನೆಯಿಂದ ತೆಂಗಿನ ಮರಕ್ಕೆ ಗಾಳದ ದಾರ ಕಟ್ಟಿ ತಟ್ಟೆಯನ್ನು ಜಾರಿಬಿಟ್ಟೆವು. ನಾನು "ಅಗೋ, ಆಗಸದಲ್ಲಿ ಅದೆಂಥ ವಿಸ್ಮಯ!" ಎಂದು ಶುರುವಾಗುವ ಒಂದು ಪುಟದ ಮಾತು ಬರೆದುಕೊಂಡಿದ್ದೆ. "ಅಗೋ" ಎನ್ನುವಷ್ಟರಲ್ಲಿ ಕಬ್ಬಿನೊಳಗೆ ದೊಡ್ಡದಾಗಿ ಏನೋ ಸರಸರ ಎಂದಿತು. ವಿಸ್ಮಯ ಎಲ್ಲಿ ಹೋಯಿತೋ, ಲುಂಗಿ ಎತ್ತಿಕಟ್ಟಿ ಓಡಿದೆ. ಹೊರಗೆ ಬಂದದ್ದು ಪಕ್ಕದವರ ಎಮ್ಮೆ. ಆ ವಿಡಿಯೋದಲ್ಲಿ ಅಸಲಿಯಾದದ್ದು ಏನಾದರೂ ಇದ್ದರೆ ಅದು ನನ್ನ ಕಿರುಚಾಟ.

ಅಷ್ಟರಲ್ಲಿ ದಾರ ಕಿತ್ತು, ತಟ್ಟೆ ನಾಲೆಗೆ ಬಿದ್ದು ತೇಲಿಹೋಯಿತು. ಕಿತ್ತುಹೋಗುವ ಮೊದಲು ಸಿದ್ದರಾಜು ಒಂದು ಕೆಲಸ ಮಾಡಿದ್ದ. ಮದುಮಗಳ ಒಡವೆಯನ್ನು ಹತ್ತಿರದಿಂದ ತೆಗೆಯುವ ಅಭ್ಯಾಸ ನೋಡಿ, ಕೈ ತಡೆಯಲಾಗದೆ ಜೂಮ್ ಮಾಡಿ, ಮೂರು ಸೆಕೆಂಡು ಕಲ್ಲಿನ ಹಾಗೆ ನಿಂತು ತಟ್ಟೆಯನ್ನು ತೆಗೆದಿದ್ದ. ಸ್ಟುಡಿಯೋದಲ್ಲಿ ಜೋಡಿಸಿ ತೋರಿಸಿದಾಗ ತಟ್ಟೆ ಹೃದಯದ ಆಕಾರದ ಚೌಕಟ್ಟಿನೊಳಗಿಂದ ಬಂತು. ಥೂ, ತೆಗಿಯೋ ಎಂದೆ. ತೆಗೆದ, ಬದಲಿಗೆ ಗುಲಾಬಿ ದಳ ಉದುರಿಸಿದ. ಅದನ್ನೂ ತೆಗೆಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಕೊನೆಗೆ "ಇದನ್ನು ತೆಗೆದವರು ಇಂದಿಗೂ ಪತ್ತೆಯಿಲ್ಲ" ಎಂದು ಬರೆದು, ಬ್ಲೂಟೂತಿನಲ್ಲಿ ನಾಲ್ಕು ಜನಕ್ಕೆ ಕಳಿಸಿ ಕೈ ತೊಳೆದುಕೊಂಡೆವು.

ಎಂಟು ದಿನದಲ್ಲಿ ಅದು ಕೆರಗೋಡು ಮುಟ್ಟಿತು. ನೋಡಿ ನಗೋಣ ಎಂದು ನಾವಿಬ್ಬರೂ ಅಮಾಯಕರ ಹಾಗೆ ಅತ್ತೆಯ ಮನೆಗೆ ಹೋದರೆ, ಪಡಸಾಲೆಯಲ್ಲಿ ಊರಿನ ಆರು ಜನ ಹಿರಿಯರು ಕೂತಿದ್ದರು. ಒಬ್ಬರ ಫೋನು ಕೈಯಿಂದ ಕೈಗೆ ಹೋಗುತ್ತಿತ್ತು. ತಟ್ಟೆಯ ಬಳಿ ಬಂದಾಗ ಒಬ್ಬರು ಕೇಳಿದರು, "ಅದೇನ್ಲಾ ಚುಕ್ಕಿ ಚುಕ್ಕಿ?" ಇನ್ನೊಬ್ಬರು ಗಂಭೀರವಾಗಿ ಹೇಳಿದರು, "ಅದು ಅವ್ರ್ ಬಾಸೆ ಕಣ್ಲಾ." ಹೆಸರು ತಲೆಕೆಳಗಾಗಿದ್ದರಿಂದ ನಾವು ಬದುಕಿಕೊಂಡೆವು. ಅತ್ತೆಯೂ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿ ವಾಪಸು ಕೊಟ್ಟಳು. ಅವರಲ್ಲಿ ಎಲ್ಲರಿಗಿಂತ ಹಿರಿಯರು "ನೀ ಯೋಳಿದ್ದು ನಿಜ ಕಣಮ್ಮ, ನಾವೇ ನಕ್ಬುಟ್ಟೊ. ಮನಸಲ್ಲಿ ಇಟ್ಕಬ್ಯಾಡ" ಎಂದರು. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು. ನಗಲು ಹೋಗಿದ್ದ ನಾನು ಗೋಡೆ ನೋಡುತ್ತಾ ಕೂತೆ.

ಸ್ವಲ್ಪ ಹೊತ್ತಿಗೆ ಒಳಗಿಂದ ಅತ್ತೆಯ ಕೂಗು ಕೇಳಿತು: "ಲೇ, ಆರ್ ತಟ್ಟೆ ಎಲ್ಲಿ ಮಡಗಿದ್ದೀರ್ಲಾ?"

ನಮ್ಮ ಸೀಮೆಯಲ್ಲಿ ಹಕಾರ ನಾಲಿಗೆಗೆ ಹತ್ತುವುದಿಲ್ಲ. ಹಾರೋ ತಟ್ಟೆ ನಮ್ಮ ಬಾಯಲ್ಲಿ ಆರೋ ತಟ್ಟೆ. ಊಟಕ್ಕೆ ಕೂತ ಆರು ಜನಕ್ಕೆ ಬೇಕಾದದ್ದು ಆರ್ ತಟ್ಟೆ. ತಪ್ಪು ಮಾಡಿದ ಕಿವಿಗೆ ಎರಡಕ್ಕೂ ವ್ಯತ್ಯಾಸ ತಿಳಿಯಲಿಲ್ಲ. ಸಿಕ್ಕಿಬಿದ್ದೆವು ಎಂದುಕೊಂಡೆ. ಸಿದ್ದರಾಜು ನನಗಿಂತ ಮೊದಲು ಬಾಯಿಬಿಟ್ಟ: "ಆರೋದ್ವತ್ತೆ!"

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದಳು. ಕೈಯಲ್ಲಿ ನಾಲ್ಕು ತಟ್ಟೆಗಳಿದ್ದವು. ನಮ್ಮಿಬ್ಬರ ಮುಖವನ್ನೂ ಒಂದು ಗಳಿಗೆ ನೋಡಿದಳು. ಒಳಗೆ ಹೋಗಿ ಎರಡು ಹಳೇ ಅಲ್ಯೂಮಿನಿಯಂ ತಟ್ಟೆ ಸೇರಿಸಿ ಆರು ಮಾಡಿದಳು, ಎಲ್ಲರಿಗೂ ಮುದ್ದೆ, ಬಸ್ಸಾರು ಬಡಿಸಿದಳು. ಆವತ್ತಿನಿಂದ ಊರಿನಲ್ಲಿ ಅವಳ ಮಾತಿಗೆ ಯಾರೂ ನಗಲಿಲ್ಲ. ಎಮ್ಮೆ ಮೇಯ್ದಿತು ಎಂದರೆ ಮೇಯ್ದಿತ್ತು. ಮಾವ ಕೂಡ ಬೆಳಕಿನ ಮಾತು ಎತ್ತಲಿಲ್ಲ. ಅದನ್ನು ನೋಡಿ ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ಮೊದಲು ಅದನ್ನು ಒಳ್ಳೆಯತನ ಎಂದುಕೊಂಡೆ, ವರ್ಷ ಕಳೆದಂತೆ ಹೇಡಿತನ ಎಂದು ಗೊತ್ತಾಯಿತು.

ಈಗ ತಿಳಿಯಿತಲ್ಲ, ಕಾವ್ಯಳ ಬೆರಳು ನನ್ನನ್ನೇಕೆ ಹೆದರಿಸಿತೆಂದು? ಆ ಮೂರು ಅಕ್ಷರ ಊರಿಗೆ ತಲುಪಿದರೆ ಅತ್ತೆಯನ್ನು ಮತ್ತೆ ಆಡಿಕೊಳ್ಳುತ್ತಾರೆ, ಈ ಸಲ ತಾನೇ ತಟ್ಟೆ ಹಾರಿಸಿದಳು ಎನ್ನುತ್ತಾರೆ. ಬೇರೆ ಯಾರೋ ಹೇಳುವ ಮೊದಲು ನಾನೇ ಹೇಳಬೇಕಿತ್ತು. ಅವರೆಕಾಯಿಯನ್ನು ಅಲ್ಲೇ ಬಿಟ್ಟು ಮಂಡ್ಯ ಬಸ್ಸು ಹತ್ತಿದೆ, ಮಂಡ್ಯದಲ್ಲಿ ಕೆರಗೋಡಿನ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ತಪ್ಪೊಪ್ಪಿಗೆಯ ಮಾತು ಜೋಡಿಸಿಕೊಂಡೆ. ಅದೂ "ಅಗೋ, ಆಗಸದಲ್ಲಿ" ಎನ್ನುವಂತೆಯೇ ಬರುತ್ತಿತ್ತು.

ಅತ್ತೆ ಹಿತ್ತಲ ಕಟ್ಟೆಯ ಮೇಲೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ತಲೆಗೂದಲೆಲ್ಲ ಬೆಳ್ಳಗಾಗಿದೆ, ಗಂಟಲು ಮಾತ್ರ ಹಾಗೇ ಇದೆ.

"ಅತ್ತೆ, ನಿನ್ನ ಎರಡು ತಟ್ಟೆ ಕಳೆದೋಗಿದ್ವಲ್ಲ..."

"ಆರೋದ್ವಲ್ಲ, ಅವಾ?"

ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು. ತಟ್ಟೆ, ಟೇಪು, ದಾರ, ಎಮ್ಮೆ, ನಾಲೆ ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿದೆ. ಕಾವ್ಯ ಸಂಜೆ ಗ್ರೂಪಿಗೆ ಹಾಕುತ್ತಾಳೆ ಎಂದೂ ಹೇಳಿದೆ. ಅತ್ತೆ ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

"ಇದ್ನ ಯೋಳಕ್ಕೆ ಎಲ್ಡ್ ಬಸ್ ಅತ್ಕೊಂಡ್ ಬಂದಾ?"

"ನಿಂಗೆ ಗೊತ್ತಿತ್ತಾ?"

"ನಂಗೆ ಓದಕ್ ಬರೋದೇ ಆ ಮೂರಕ್ಸರ ಕಣ್ಲಾ. ದಿನಾ ಬೆಳಗೋ ತಟ್ಟೆ. ಮೇಲ್ಕೆಳಗ್ ಮಾಡುದ್ರೆ ಗೊತ್ತಾಗಕಿಲ್ವಾ? ನನ್ ಎಸ್ರು ಆಕಾಸಕ್ಕೆ ಆರ್ಸಿ ನಂಗೇ ತೋರುಸ್ತೀರಾ?"

"ಮತ್ಯಾಕೆ ಅವತ್ತು ಸುಮ್ನಿದ್ದೆ?"

"ಆರ್ ಜನ ನಗ್ದಂಗೆ ಬಂದ್ ಕುಂತಿದ್ರು. ಅದೇ ಮೊದ್ಲು. ಅವ್ರ್ ಉಣ್ಲಿ ಅಂತ ಸುಮ್ಕಿದ್ದೆ." ಒಂದು ಕಡ್ಡಿ ಆಚೆ ಎಸೆದಳು. "ಆ ಕಾವ್ಯ ಆಕ್ಲಿ ಬುಡು, ನಗೋರು ನಗ್ಲಿ. ಮೊದ್ಲು ಸುಳ್ಳು ಅಂದ್ರು, ಆಮ್ಯಾಕೆ ನಿಜ ಅಂದ್ರು. ಎಲ್ಡು ಸರ್ತಿನೂ, ಎಂಗಿತ್ತು ನಿಂಗಮ್ಮ ಅಂತ ಒಬ್ರಾದ್ರೂ ಕೇಳುದ್ರಾ? ನೀನಾದ್ರೂ ಕೇಳ್ದಾ?"

ನನಗೆ ನಾಚಿಕೆಯಾಯಿತು. ಬೇರೆ ಲೋಕದವರನ್ನು ಹುಡುಕಿ ಎಷ್ಟೊಂದು ಸಿನಿಮಾ ನೋಡಿದ್ದೆ, ಒಂದನ್ನು ತೆಗೆದೂ ಇದ್ದೆ. ನೋಡಿದವಳು ಇಷ್ಟು ವರ್ಷ ಎದುರಿಗೇ ಇದ್ದಳು. ಕೈಲಿದ್ದ ಫೋನನ್ನು ಪಕ್ಕಕ್ಕಿಟ್ಟು, ಕಟ್ಟೆಯ ಮೇಲೆ ಕೂತು ಒಂದು ಹಿಡಿ ಸೊಪ್ಪು ನನ್ನ ಕಡೆ ಎಳೆದುಕೊಂಡೆ.

"ಎಂಗಿತ್ತತ್ತೆ?"

ಅತ್ತೆ ನನ್ನ ಮುಖ ನೋಡಿದಳು. "ಮೊದ್ಲು ಆ ಫೋನ್ ಒಳಕ್ಕಿಡು" ಎಂದಳು.

ಇಟ್ಟೆ. ಅತ್ತೆ ಹೇಳಿದಳು, ಸೊಪ್ಪು ಮುಗಿದ ಮೇಲೂ ಹೇಳಿದಳು. ಅದು ದುಂಡಗಿರಲಿಲ್ಲ ಎಂಬುದೊಂದನ್ನು ಬಿಟ್ಟರೆ ಬೇರೇನನ್ನೂ ಇಲ್ಲಿ ಬರೆಯುವುದಿಲ್ಲ. ನಿಮಗೆ ಬೇಕೆಂದರೆ ಕೆರಗೋಡಿಗೆ ಹೋಗಿ ನೀವೇ ಕೇಳಿ. ಆದರೆ ಒಟ್ಟಿಗೆ ನುಗ್ಗಬೇಡಿ. ಉಣ್ಣದವರಿಗೆ ಅತ್ತೆ ಹೇಳುವುದಿಲ್ಲ, ಮನೆಯಲ್ಲಿ ಇರುವುದು ನಾಲ್ಕೇ ತಟ್ಟೆ.