ಮಿಸ್ ಮನೆಯ ತಂಬೂರಿ

ಫೋನನ್ನು ನಾನು ಯಾವತ್ತೂ ಪೂರ್ತಿ ನಂಬಿದವಳಲ್ಲ. ಮಹದೇವಪುರದ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರಾದರೂ ಮಂಡಿನೋವಿನ ಮಾತೆತ್ತಿದರೆ ಸಂಜೆ ನನ್ನ ಫೋನಿನಲ್ಲಿ ಮಂಡಿಗೆ ಹಚ್ಚುವ ಎಣ್ಣೆಯ ಜಾಹೀರಾತು ಬರುತ್ತದೆ. ಮಂಡಿನೋವು ನನಗಿಲ್ಲ. ಹಾಡು ಕೇಳಿಸುವ ಆ್ಯಪ್ ಕೆಲವು ದಿನ ‘ನಿಮಗಾಗಿ’ ಎಂದು ಬರೀ ದುಃಖದ ಹಾಡುಗಳನ್ನು ಜೋಡಿಸಿಟ್ಟಿರುತ್ತದೆ. ನನಗೆ ದುಃಖವಾಗಿದೆ ಎಂದು ಅದಕ್ಕೆ ಹೇಳಿದವರು ಯಾರು? ಮೆಟ್ರೋದಲ್ಲಿ ಪಕ್ಕದವರು ಇಯರ್‌ಫೋನ್ ಇಲ್ಲದೆ ಜೋರಾಗಿ ಹಾಡು ಹಾಕಿಕೊಂಡಾಗ ನನಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚು. ತಾವು ಏನು ಕೇಳುತ್ತೇವೆ ಎಂಬುದನ್ನು ಇಡೀ ಬೋಗಿಗೆ ತಿಳಿಸಲು ಇವರಿಗೆ ಹೇಗಾದರೂ ಮನಸ್ಸು ಬರುತ್ತದೋ.

ಹಾಗಾಗಿ ಶನಿವಾರ ಬೆಳಿಗ್ಗೆಯ ಸಂಗೀತದ ಪಾಠ ನನಗೆ ಹಿಡಿಸಿದ್ದಕ್ಕೆ ಮೊದಲ ಕಾರಣ ಸಂಗೀತವಲ್ಲ, ಒಂದು ಸ್ಟೀಲ್ ಡಬ್ಬ. ಜೀವನ್ ಬಿಮಾ ನಗರದ ಹಳೆಯ ಮನೆಯೊಂದರ ಮಹಡಿಯಲ್ಲಿ ಮಿಸ್ ಪಾಠ ಹೇಳುತ್ತಿದ್ದರು. ನಾವೆಲ್ಲ ಅವರನ್ನು ಮಿಸ್ ಎಂದೇ ಕರೆಯುವುದು. ಒಳಗೆ ಬಂದವರು ಫೋನನ್ನು ಚಕ್ಕುಲಿ ತುಂಬಿಡುವ ಆ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಬೇಕು. ಡಬ್ಬ ಅಡುಗೆಮನೆಯ ಫ್ರಿಜ್ ಮೇಲೆ ಕೂರುತ್ತಿತ್ತು. ನಡುವೆ ಯಾರದಾದರೂ ಫೋನ್ ಬಂದರೆ ಒಳಗಿನಿಂದ ಜಿರಳೆ ಸಿಕ್ಕಿಕೊಂಡಂತೆ ಗರಗರ ಸದ್ದು. “ಒದ್ದಾಡ್ಲಿ ಬಿಡು,” ಎನ್ನುತ್ತಿದ್ದರು ಮಿಸ್. “ನಿನ್ನ ಆಫೀಸು ಮುಳುಗಿದ್ರೆ ಪಾಠ ಮುಗಿದ್ಮೇಲೆ ಎತ್ತು.”

ಡಬ್ಬಕ್ಕೆ ಕಾರಣವಿತ್ತು. ಮಿಸ್ ಒಂದು ಕಾಲದಲ್ಲಿ ರೇಡಿಯೋದಲ್ಲೂ ಸಭೆಗಳಲ್ಲೂ ಹಾಡಿದವರು. ಥೈರಾಯ್ಡ್ ಆಪರೇಷನ್ ಆದ ಮೇಲೆ ಅವರ ದನಿ ಹಿಂದಿನಂತೆ ಆಗಲೇ ಇಲ್ಲ. ಮೇಲಿನ ಷಡ್ಜಕ್ಕೆ ಹೋದರೆ ಸೀಳುತ್ತಿತ್ತು, ಕೆಳಗೆ ಬಂದರೆ ಬರೀ ಗಾಳಿ. ಕಛೇರಿ ನಿಲ್ಲಿಸಿದರು, ಪಾಠ ಬಿಡಲಿಲ್ಲ. ಸ್ವರಗಳನ್ನು ಬಾಯಲ್ಲಿ ಹೇಳಿ, ಕೈಯಲ್ಲಿ ತಾಳ ಹಾಕಿ ಕಲಿಸುತ್ತಿದ್ದರು. ಹಾಡಿನ ಸಾಲನ್ನು ತಿರುವಿ ಹಾಡುವ ಯಾವುದೋ ಒಂದು ಸಂಗತಿ ಎಷ್ಟು ಹೇಳಿದರೂ ನಮಗೆ ಹತ್ತದೆ ಹೋದಾಗ ಮಾತ್ರ, ಕಣ್ಣು ಮುಚ್ಚಿ, ಒಂದೆರಡು ಸಾಲು ಹಾಡಿ ತೋರಿಸುತ್ತಿದ್ದರು. ಹರಿದ ದನಿಯಲ್ಲೂ ಆ ಸಂಗತಿ ಎಲ್ಲಿಂದ ಎದ್ದು ಎಲ್ಲಿ ಕೂರಬೇಕು ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಆ ದನಿಯನ್ನು ಆ ಕೋಣೆಯ ಹೊರಗಿನವರು ಕೇಳಬಾರದು. ಗಂಡನೂ ಕೇಳಬಾರದು. ಅವರ ಪ್ರತಿ ಕಛೇರಿಯಲ್ಲೂ ಮುಂದಿನ ಸಾಲಿನಲ್ಲಿ ಕೂತವರು ಅವರು, ನಮಗೆಲ್ಲ ಅಂಕಲ್. ಈಗ ಪಾಠ ಶುರುವಾಗುವ ಮೊದಲು ಅವರನ್ನು ಮಿಸ್ ವಾಕಿಂಗ್‌ಗೆ ಅಟ್ಟುತ್ತಿದ್ದರು.

ಹೋಗುವ ಮುನ್ನ ಅಂಕಲ್‌ಗೆ ಒಂದು ಕೆಲಸವಿತ್ತು, ತಂಬೂರಿ ಹಾಕುವುದು. ತಂಬೂರಿ ಎಂದರೆ ಗಾಜು ಬಿರುಕು ಬಿಟ್ಟ ಅವರ ಹಳೆಯ ಫೋನು. ಅದರಲ್ಲಿ ತಂಬೂರಿಯ ಶ್ರುತಿ ನುಡಿಸುವ ಆ್ಯಪ್ ಇತ್ತು. ಅವರು ಶ್ರುತಿ ಹೊಂದಿಸಿ, ಫೋನನ್ನು ಮಗುಚಿ ನನ್ನ ಎದುರಿನ ಮಣೆಯ ಮೇಲಿಟ್ಟು, ಸದ್ದು ಮೆತ್ತಗಾಗಲೆಂದು ಒಂದು ಕರವಸ್ತ್ರ ಹೊದಿಸಿ ಹೋಗುತ್ತಿದ್ದರು. “ರೀ, ತಂಬೂರಿಗೆ ಚಾರ್ಜ್ ಇದ್ಯಾ?” ಎಂದು ಮಿಸ್ ಕೇಳಿದಾಗ ನಮ್ಮಲ್ಲಿ ಯಾರಿಗೂ ನಗು ಬರುತ್ತಿರಲಿಲ್ಲ. ಅಷ್ಟು ರೂಢಿಯಾಗಿತ್ತು.

ಕಲಿಯುವವರು ಮೂವರು. ಹಲಸೂರಿನ ಒಬ್ಬ ಆಂಟಿ, ಕಾಲೇಜಿಗೆ ಹೋಗುವ ಒಬ್ಬ ಹುಡುಗಿ, ನಾನು. ಮಿಸ್ ಹೇಳಿಕೊಟ್ಟಿದ್ದನ್ನು ಮೊದಲು ನಾನು ಹಾಡಬೇಕು, ಅದನ್ನು ಕೇಳಿ ಉಳಿದಿಬ್ಬರು. ಕೆ.ಆರ್. ಪುರದ ನಮ್ಮ ಫ್ಲ್ಯಾಟಿನಲ್ಲಿ ನಾನು ಹಾಡುವುದಿಲ್ಲ, ಗೋಡೆಯಾಚೆ ಕೇಳಿಸುತ್ತದೆ. ಬಾಯಿ ಬಿಟ್ಟು ಹಾಡುತ್ತಿದ್ದುದು ಆ ಮಹಡಿಯ ಕೋಣೆಯಲ್ಲಿ ಮಾತ್ರ.

ಒಂದು ಶನಿವಾರ ಪಾಠ ಮುಗಿದು ಡಬ್ಬದಿಂದ ಫೋನ್ ತೆಗೆದುಕೊಂಡ ಮೇಲೆ ಹಲಸೂರಿನ ಆಂಟಿ ಹೊರಡದೆ ನಿಂತರು.

“ಮಿಸ್, ತಪ್ಪು ತಿಳ್ಕೋಬೇಡಿ. ನಮ್ ನಾದಿನಿ ಗ್ರೂಪಲ್ಲಿ ಇದು ಬಂತು. ಸತ್ಯಮಾ ಹೇಳ್ತೀನಿ, ನಾನು ಯಾರ್ಗೂ ಕಳ್ಸಿಲ್ಲ.”

ಫೋನನ್ನು ಮುಂದೆ ಹಿಡಿದು ಒತ್ತಿದರು. ಶ್ರುತಿ ಕೇಳಿಸಿತು, ಆಮೇಲೆ ಮಿಸ್ ಅವರ ದನಿ. ಸೀಳುವ ಜಾಗಕ್ಕೆ ಬರುವ ಮೊದಲೇ ಮಿಸ್, “ಆಫ್ ಮಾಡಿ,” ಎಂದರು. ಆದರೆ ಕೆಳಗೆ ಬರೆದಿದ್ದ ಸಾಲನ್ನು ಅವರು ಓದಿಬಿಟ್ಟಿದ್ದರು: ‘ಗಂಟಲು ಕೈಕೊಟ್ಟರೂ ಹಾಡು ಬಿಡದ ತಾಯಿ. ಕೇಳಿದರೆ ಕಣ್ಣೀರು ಬರುತ್ತದೆ. ಹತ್ತು ಜನರಿಗೆ ಕಳಿಸಿ.’ ಅದರ ಪಕ್ಕದಲ್ಲಿ ಕೈಮುಗಿದ ಚಿತ್ರಗಳ ಸಾಲು.

“ಕಣ್ಣೀರು,” ಎಂದರು ಮಿಸ್. ಆ ಪದ ಯಾವ ಭಾಷೆಯದೋ ಎಂಬಂತೆ.

ಆಮೇಲೆ ಆಂಟಿ ನನ್ನ ಕೈ ನೋಡಿದರು. “ಫೋನೆಲ್ಲಾ ಡಬ್ಬಕ್ಕೆ ಹೋಗುತ್ತೆ ಮಿಸ್. ಇವಳ ವಾಚ್ ಹೋಗಲ್ಲ ಅಲ್ವಾ? ಅದ್ರಲ್ಲೂ ರೆಕಾರ್ಡ್ ಆಗುತ್ತಂತೆ. ನಮ್ ಹುಡ್ಗ ಹೇಳ್ತಿದ್ದ.”

ನನ್ನ ಮಣಿಕಟ್ಟಿನ ವಾಚು ಹೆಜ್ಜೆ ಲೆಕ್ಕ ಹಾಕುವಂಥದ್ದು, ಅಷ್ಟೇ. ಅದನ್ನು ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಸುಳ್ಳುಗಾರ್ತಿಯದಂತೆ ಕೇಳಿಸಿತು. ಎರಡು ದಿನ ಬಿಟ್ಟು ಮಿಸ್ ಫೋನ್ ಮಾಡಿದರು. “ಸ್ವಲ್ಪ ದಿನ ಬರೋದು ಬೇಡಮ್ಮ. ಆಮೇಲೆ ನಾನೇ ಹೇಳ್ತೀನಿ.” ಉಳಿದಿಬ್ಬರಿಗೆ ಪಾಠ ನಡೆಯುತ್ತದೆಯೇ ಎಂದು ಕೇಳಿದೆ. ನಡೆಯುತ್ತದೆ ಎಂದರು.

ಪಾಠ ತಪ್ಪಿದ್ದಷ್ಟೇ ಆಗಿದ್ದರೆ ಬೇರೆ ಗುರುಗಳನ್ನು ಹುಡುಕುತ್ತಿದ್ದೆನೇನೋ. ಆದರೆ ಇನ್ನೊಬ್ಬರ ದನಿಯನ್ನು ಕದ್ದು ಬೀದಿಗೆ ಹಾಕಿದವಳು ಎಂದು ಮಿಸ್ ನಂಬಿದ್ದಾರೆಂಬುದನ್ನು ಹೊತ್ತುಕೊಂಡು ಇರಲು ನನ್ನಿಂದ ಆಗುತ್ತಿರಲಿಲ್ಲ. ಬೇರೆ ಯಾವ ಕಳ್ಳತನದ ಆರೋಪವಾದರೂ ಇಷ್ಟು ಕೊರೆಯುತ್ತಿರಲಿಲ್ಲ.

ನನ್ನ ಅನುಮಾನ ಕಾಲೇಜು ಹುಡುಗಿಯ ಮೇಲೆ ಹೋಯಿತು. ಸದಾ ರೀಲ್ಸ್ ಮಾಡುವವಳು. ಬೇರೊಂದು ಫೋನನ್ನು ಚೀಲದಲ್ಲಿ ಇಟ್ಟುಕೊಂಡು ಬರುವುದು ಅವಳಿಗೆ ಕಷ್ಟವಲ್ಲ. ಅವಳು ಹಾಕಿದ್ದನ್ನೆಲ್ಲ ಕೂತು ನೋಡಿದೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕೊಂಡ ಜುಮುಕಿ, ಅದೇ ಜುಮುಕಿ ಬೇರೆ ಡ್ರೆಸ್ಸಿಗೆ, ಕಾಲೇಜಿನ ಕ್ಯಾಂಟೀನು. ಸಂಗೀತದ ಸುಳಿವೇ ಇಲ್ಲ. ಕೊನೆಗೆ ಫೋನ್ ಮಾಡಿ ಸುತ್ತು ಬಳಸಿ ಕೇಳಿದೆ.

“ಅಕ್ಕಾ, ನೇರವಾಗಿ ಕೇಳಿ, ಪರವಾಗಿಲ್ಲ,” ಎಂದಳು. “ನಾನು ಹಾಕೋದಾದ್ರೆ ನನ್ ಮುಖ ಹಾಕ್ತೀನಿ. ಮಿಸ್ ವಾಯ್ಸ್ ಹಾಕಿ ನಂಗೇನು ಸಿಗುತ್ತೆ?”

“ಹಾಗಾದ್ರೆ ಯಾರು ಅಂತ ನಿಂಗನ್ಸುತ್ತೆ?”

“ನೀವೇ ಅನ್ಕೊಂಡಿದ್ದೆ, ಸಾರಿ. ನೀವು ಮಾತೇ ಆಡಲ್ವಲ್ಲ ಅಕ್ಕಾ. ಮಾತಾಡ್ದೆ ಇರೋರ ಮೇಲೆ ಎಲ್ರಿಗೂ ಡೌಟ್ ಬರುತ್ತೆ.” ನಕ್ಕು, ಅವಳಿಗೂ ಯಾವುದೋ ಗ್ರೂಪಿನಲ್ಲಿ ಬಂದಿದ್ದ ಆ ರೆಕಾರ್ಡಿಂಗನ್ನು ನನಗೆ ಕಳಿಸಿದಳು. “ಕೇಳಿ ನೋಡಿ. ಪತ್ತೇದಾರಿ ಮಾಡಿ.”

ಆಫೀಸಿನಿಂದ ಬಂದು ಫ್ಲ್ಯಾಟಿನ ಬಾಗಿಲು ಹಾಕಿಕೊಂಡು, ಇಯರ್‌ಫೋನ್ ಹಾಕಿ ಅದನ್ನು ಕೇಳಿದೆ. ಮತ್ತೆ ಕೇಳಿದೆ. ಮೊದಲು ಹೆದರಿಕೆಯೇ ಆಯಿತು. ಮಿಸ್ ಅವರ ದನಿ ದೂರದಲ್ಲಿತ್ತು, ಗೋಡೆಯ ಪಕ್ಕದ ಕುರ್ಚಿಯಿಂದ ಬಂದಂತೆ. ಹತ್ತಿರದಲ್ಲಿ ಒಂದು ಉಸಿರು, ಬಳೆಯೊಂದು ನೆಲಕ್ಕೆ ತಾಗಿದ ಸದ್ದು, ಗಂಟಲು ಸರಿಮಾಡಿಕೊಳ್ಳುವ ಒಂದು ಸಣ್ಣ ಕೆಮ್ಮು. ಆ ಕೆಮ್ಮು ನನ್ನದು. ನಾನು ಕೂರುವ ಜಾಗದಲ್ಲೇ ಇದು ರೆಕಾರ್ಡ್ ಆಗಿತ್ತು. ವಾಚನ್ನು ಬಿಚ್ಚಿ, ಅದರ ಕಂಪನಿ ಕೊಟ್ಟ ವಿವರವನ್ನೆಲ್ಲ ಓದಿದೆ. ಮೈಕ್ ಇಲ್ಲ ಎಂದು ಖಚಿತವಾದ ಮೇಲೂ ಅದನ್ನು ಮೇಜಿನ ಡ್ರಾಯರಿಗೆ ಹಾಕಿದೆ.

ಮರುದಿನ ಬೆಳಿಗ್ಗೆ ತಿಂಡಿ ತಿನ್ನುವಾಗ ಹೊಳೆಯಿತು. ನನ್ನ ಉಸಿರಿಗಿಂತಲೂ ಹತ್ತಿರದಲ್ಲಿ, ಎಲ್ಲಕ್ಕಿಂತ ಮುಂದೆ ಕೇಳಿಸುತ್ತಿದ್ದುದು ಶ್ರುತಿ. ನನ್ನ ಎದುರಿಗೆ ಮಣೆಯ ಮೇಲೆ ಕರವಸ್ತ್ರ ಹೊದ್ದು ಮಲಗಿದ್ದುದೂ ಒಂದು ಫೋನೇ. ಅದೇ ಆ್ಯಪನ್ನು ನನ್ನ ಫೋನಿಗೆ ಹಾಕಿಕೊಂಡು ನೋಡಿದೆ. ಹಾಡಿ ಅಭ್ಯಾಸ ಮಾಡುವವರಿಗೆಂದು ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಇತ್ತು. ಒತ್ತಿದರೆ ಶ್ರುತಿಯ ಜೊತೆಗೆ ಹಾಡಿದ್ದೂ ಉಳಿಯುತ್ತದೆ. ಆ ಫೋನನ್ನು ಮುಟ್ಟುತ್ತಿದ್ದವರು ಒಬ್ಬರೇ.

ಅಂಕಲ್ ಸಂಜೆಯೂ ಕಾಲೊನಿಯ ಪಾರ್ಕಿನಲ್ಲಿ ನಡೆಯುತ್ತಾರೆಂದು ಗೊತ್ತಿತ್ತು. ಆಫೀಸಿನಿಂದ ನೇರವಾಗಿ ಅಲ್ಲಿಗೆ ಹೋದೆ. ಅವರು ಕಲ್ಲುಬೆಂಚಿನ ಮೇಲೆ ಕೂತಿದ್ದರು, ಕಿವಿಯಲ್ಲಿ ತಂತಿಯಿರುವ ಇಯರ್‌ಫೋನು, ತೊಡೆಯ ಮೇಲೆ ಬಿರುಕು ಬಿಟ್ಟ ಫೋನು. ನನ್ನನ್ನು ಕಂಡು ಒಂದು ಕಿವಿಯದನ್ನು ತೆಗೆದರು. ಅದರಿಂದ ಸಣ್ಣಗೆ ಶ್ರುತಿ ಸೋರುತ್ತಿತ್ತು. ಕೇಳಬೇಕಾದ ಪ್ರಶ್ನೆಯೇ ಉಳಿಯಲಿಲ್ಲ.

“ಕೂತ್ಕೋಮ್ಮ,” ಎಂದರು. ಇನ್ನೊಂದು ಕಿವಿಯದನ್ನೂ ತೆಗೆದು, “ಅವಳು ನನ್ನೆದುರು ಹಾಡಲ್ಲ. ಸ್ನಾನದ ಮನೇಲೂ ಹಾಡಲ್ಲ. ನಿಮ್ಮೆದುರು ಹಾಡ್ತಾಳೆ. ನಾನೇನ್ ಮಾಡ್ಲಿ ಹೇಳು,” ಎಂದರು.

“ಆಚೆ ಹೇಗೆ ಹೋಯ್ತು ಅಂಕಲ್?”

“ನಮ್ಮಕ್ಕ ಕೇಳಿದ್ಲು, ಹಾಡ್ತಾಳಾ ಈಗ್ಲೂ ಅಂತ. ಒಂದು ಕಳಿಸ್ದೆ. ಅವಳು ಕಣ್ಣೀರು ಗಿಣ್ಣೀರು ಅಂತ ಬರೆದು ಊರಿಗೆಲ್ಲಾ ಹಂಚಿದ್ಲು.”

“ಮಿಸ್ ನನ್ನನ್ನ ಬರಬೇಡ ಅಂದಿದ್ದಾರೆ.”

“ಗೊತ್ತು.” ತಂತಿಯನ್ನು ಬೆರಳಿಗೆ ಸುತ್ತಿಕೊಂಡರು. “ನಾನೇ ಹೇಳ್ತೀನಿ. ಈ ವಾರ ಹೇಳ್ಬಿಡ್ತೀನಿ.”

ಅವರ ಮೇಲೆ ಕನಿಕರವಾಯಿತು. ನಂಬಿಕೆ ಬರಲಿಲ್ಲ. ಆ ವಾರ ಕಳೆಯಿತು, ಮಿಸ್ ಫೋನ್ ಮಾಡಲಿಲ್ಲ. ಮುಂದಿನ ವಾರವೂ ಇಲ್ಲ. ಅಂಕಲ್ ಹೇಳುವುದಿಲ್ಲ ಎಂದು ಅರ್ಥವಾಯಿತು. ನಾನೇ ಹೋಗಿ ‘ನಿಮ್ಮ ಯಜಮಾನರು’ ಎಂದರೆ, ತಪ್ಪಿಸಿಕೊಳ್ಳಲು ಮನೆಯವರ ಮೇಲೆ ಹೊರಿಸಿದಳು ಎನ್ನಿಸಿಕೊಳ್ಳುತ್ತೇನೆ. ಮಿಸ್ ಒಪ್ಪುವುದು ಒಂದೇ ಸಾಕ್ಷಿಯನ್ನು, ಅದು ಅವರ ಕಿವಿ. ಆದರೆ ಅವರು ಆ ರೆಕಾರ್ಡಿಂಗನ್ನು ಪೂರ್ತಿ ಕೇಳಿಯೇ ಇರಲಿಲ್ಲ.

ಒಂದು ಭಾನುವಾರ ಹೇಳದೆ ಹೋದೆ. ಬಾಗಿಲು ತೆರೆದ ಮಿಸ್ ವಾಚಿಲ್ಲದ ನನ್ನ ಕೈಯನ್ನು ಮೊದಲು ನೋಡಿದರು. ಅಂಕಲ್ ಹಾಲ್‌ನಲ್ಲಿ ಪೇಪರ್ ಹಿಡಿದು ಕೂತಿದ್ದರು.

“ಮಿಸ್, ಅದನ್ನ ಒಂದ್ಸಲ ಪೂರ್ತಿ ಕೇಳಿ. ಹಾಡನ್ನಲ್ಲ. ಎಲ್ಲಿ ಕೂತು ಮಾಡಿದ್ದು ಅಂತ ಕೇಳಿ.”

“ನಂಗೆ ಬೇಡ.”

“ನಾವು ತಪ್ಪು ಹಾಡಿದ್ರೆ ನೀವು ಕಿವಿ ಮುಚ್ಕೊಳಲ್ಲ ಮಿಸ್.”

ಅಷ್ಟು ಉದ್ಧಟತನದ ಮಾತನ್ನು ನಾನು ಅವರೆದುರು ಆಡಿದ್ದು ಅದೇ ಮೊದಲು. ಅವರು ಒಮ್ಮೆ ನನ್ನನ್ನು ನೋಡಿ, ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತರು. ನಾನು ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. ದನಿ ಸೀಳುವ ಜಾಗದಲ್ಲಿ ಅವರ ತಾಳ ಹಾಕುವ ಕೈ ಮಾತ್ರ ನಿಂತಿತು. ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ.

“ತಂಬೂರಿ ಮುಂದಿದೆ,” ಎಂದರು. “ಅದಾದ್ಮೇಲೆ ನೀನು. ನಾನು ಎಲ್ಲೋ ಹಿಂದೆ.” ಆಮೇಲೆ ಕಣ್ಣು ತೆರೆದು ಹಾಲ್ ಕಡೆ ತಿರುಗಿದರು. “ರೀ.”

ಅಂಕಲ್ ಪೇಪರಿನೊಂದಿಗೇ ಬಂದು ಬಾಗಿಲಲ್ಲಿ ನಿಂತರು.

“ಎಷ್ಟಿದೆ ಇಂಥದ್ದು?”

“ಇದೆ,” ಎಂದರು ಅವರು. “ಹೆಚ್ಚು ಕಮ್ಮಿ ಎಲ್ಲಾ ಇದೆ.”

ಮಿಸ್ ಕೂಗಾಡಲಿಲ್ಲ. ನನ್ನ ಕಡೆ ತಿರುಗಿ, “ನಿಂಗೆ ಮೊದ್ಲೇ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ?” ಎಂದರು.

“ನೀವು ನಂಬ್ತಿರ್ಲಿಲ್ಲ.”

“ಇಲ್ಲ,” ಎಂದು ಒಪ್ಪಿಕೊಂಡರು. “ಶನಿವಾರದಿಂದ ಬಾ.”

ನಾನು ಬೇಡಿ ಬಂದದ್ದು ಅದನ್ನೇ. ಆದರೂ ಏಳಲಾಗಲಿಲ್ಲ. ಎಲ್ಲಾ ಇದೆ ಎಂದರೆ, ಆ ಎಲ್ಲದರಲ್ಲೂ ನಾನಿದ್ದೇನೆ. ಮಿಸ್‌ಗಿಂತ ಮುಂದೆ, ಅವರಿಗಿಂತ ಜೋರಾಗಿ. ಬೇರೆಲ್ಲೂ ಬಾಯಿ ಬಿಡದ ನಾನು ಎಷ್ಟು ಸಂಜೆ ಆ ಪಾರ್ಕಿನ ಬೆಂಚಿನ ಮೇಲೆ ಅಂಕಲ್ ಕಿವಿಯಲ್ಲಿ ಹಾಡಿದ್ದೇನೋ.

“ನಾನು ಹಾಡಿದ್ದನ್ನ ಅಳಿಸ್ಬೇಕು ಅಂಕಲ್.”

“ನಿನ್ನದು ಅಳಿಸಿದ್ರೆ ಇವಳದ್ದೂ ಹೋಗುತ್ತಮ್ಮ. ಎರಡೂ ಒಂದ್ರಲ್ಲೇ ಇರೋದು.”

“ಅಳಿಸಿ ರೀ,” ಎಂದರು ಮಿಸ್. “ಅವಳು ಕೇಳ್ತಿರೋದು ಸರಿ.”

ಅಂಕಲ್ ಜೇಬಿನಿಂದ ಫೋನ್ ತೆಗೆದರು. ಎಲ್ಲಿ ಒತ್ತಬೇಕೆಂದು ತಿಳಿಯದವರ ಹಾಗೆ ಹಿಡಿದುಕೊಂಡು ನಿಂತರು. ತಿಳಿಯದೆ ಏನಿಲ್ಲ. ನಾನು ಕೈ ಚಾಚಿದೆ, ಕೊಟ್ಟರು. ಸಿಮ್ ಇಲ್ಲದ ಆ ಫೋನಿನಿಂದ ವಾಟ್ಸಾಪ್ ತೆಗೆದೆ, ವೈಫೈಯ ಪಾಸ್‌ವರ್ಡನ್ನೂ ತೆಗೆದೆ. ಇನ್ನು ಅದು ತಾನಾಗಿ ಎಲ್ಲಿಗೂ ಏನನ್ನೂ ಕಳಿಸುವಂತಿಲ್ಲ. ರೆಕಾರ್ಡಿಂಗುಗಳನ್ನು ಮುಟ್ಟದೆ ಹಿಂದಿರುಗಿಸಿದೆ.

“ಹಳೇದು ನಿಮ್ಮ ಹತ್ರ ಇರ್ಲಿ. ಹೊಸದು ಬೇಡ,” ಎಂದೆ. ಅಂಕಲ್ ತಲೆಯಾಡಿಸಿದರು. ಮಿಸ್ ಕಿಟಕಿಯ ಕಡೆ ನೋಡುತ್ತಿದ್ದರು, ಬೇಡವೆನ್ನಲಿಲ್ಲ.

ಅಂಕಲ್ ಅವರನ್ನು ನಾನು ನಂಬಿದೆ ಎಂದು ಬರೆಯಲಾರೆ. ಶನಿವಾರ ಹೋದೆ. ಅಂಕಲ್ ಶ್ರುತಿ ಹಾಕಿ, ಕರವಸ್ತ್ರ ಹೊದಿಸಿ, ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದರು. ಹಾಡುವ ಮೊದಲು ನಾನು ಕರವಸ್ತ್ರ ಸರಿಸಿ, ಫೋನನ್ನು ತಿರುಗಿಸಿ ಪರದೆಯ ಮೂಲೆಯ ಕೆಂಪು ಚುಕ್ಕೆಯನ್ನು ನೋಡಿದೆ. ಆಂಟಿಯೂ ಹುಡುಗಿಯೂ ಮುಖ ಮುಖ ನೋಡಿಕೊಂಡರು.

“ನೋಡಿದ್ಯಾ?” ಎಂದರು ಮಿಸ್. “ಸರಿ. ಶುರು ಮಾಡು.”