ಅರವತ್ತರ ಗೆರೆಯ ಕೆಳಗೆ

ಮ್ಯಾನೇಜ್‌ಮೆಂಟ್ ಕಾಲೇಜಿನ ಪ್ರವೇಶ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತೆಯಾಗಿದ್ದ ಆಕೆಯನ್ನು ಎಲ್ಲರೂ ‘ಸರಾಸರಿ ಮೇಡಂ’ ಎಂದೇ ಕರೆಯುತ್ತಿದ್ದರು. ಎಂಬಿಎಗೆ ಅರ್ಜಿ ಹಾಕಿದವರ ಅಂಕಪಟ್ಟಿಗಳು ಮೊದಲು ಬರುತ್ತಿದ್ದುದು ಆಕೆಯ ಮೇಜಿಗೆ. ಒಂದು ಕಾಲೇಜಿನವರು ನೂರಕ್ಕೆ ಅಂಕ ಕೊಟ್ಟರೆ ಇನ್ನೊಂದರವರು ಹತ್ತಕ್ಕೆ, ಮತ್ತೊಂದರವರು ನಾಲ್ಕಕ್ಕೆ. ಎಲ್ಲವನ್ನೂ ಒಂದೇ ಅಳತೆಗೆ ತಂದು, ಆರು ಸೆಮಿಸ್ಟರಿನ ಸರಾಸರಿ ತೆಗೆದು, ಅರವತ್ತು ಮುಟ್ಟಿದರೆ ಹಸಿರು ಟ್ರೇ, ಮುಟ್ಟದಿದ್ದರೆ ಬೂದು ಟ್ರೇ. ಬೂದು ಟ್ರೇಗೆ ಬಿದ್ದ ಅರ್ಜಿಯನ್ನು ಆಮೇಲೆ ಯಾರೂ ಬಿಡಿಸಿ ನೋಡುತ್ತಿರಲಿಲ್ಲ. ಅಂಥವರಿಗೆ ಹೋಗುವ ವಿಷಾದದ ಪತ್ರವೂ ಆಕೆಯದೇ ಒಕ್ಕಣೆ. ಬಲು ಸೌಜನ್ಯದ ಪತ್ರವೆಂದು ಆಕೆಗೆ ಒಳಗೊಳಗೇ ಹೆಮ್ಮೆ.

ನೌಕರಿಯಲ್ಲಿರುವವರಿಗೆಂದು ಕಾಲೇಜು ವಾರಾಂತ್ಯದ ಎಂಬಿಎ ಶುರುಮಾಡಿದಾಗ ಆಕೆಗೆ ನಲವತ್ತಾರು. ಗಡಿಯಾರ ರಿಪೇರಿ ಮಾಡುವ ಗಂಡ ಬೆನ್ನು ಬಿದ್ದ.

“ಅಷ್ಟು ಜನರನ್ನ ಒಳಗೆ ಕಳಿಸಿದ್ದೀಯ, ಒಂದ್ಸಲ ನೀನೂ ಹೋಗಿ ಬಾ” ಅಂದ.

ಆಕೆ ಕೊನೆಯ ದಿನ, ಯಾರಿಗೂ ಹೇಳದೆ, ತನ್ನ ಅರ್ಜಿಯನ್ನೂ ಕಟ್ಟಿನೊಳಗೆ ಸೇರಿಸಿದಳು. ಅದರ ಸರದಿ ಬಂತು. ಕಂಡವರಿಗೆಲ್ಲ ಸರಾಸರಿ ತೆಗೆದವಳು ತನ್ನದನ್ನು ಎಂದೂ ತೆಗೆದಿರಲಿಲ್ಲ. ಐದು ಸೆಮಿಸ್ಟರು ಅರವತ್ತಮೂರರ ಆಸುಪಾಸು. ನಾಲ್ಕನೆಯದರಲ್ಲಿ ಅಮ್ಮ ಆಸ್ಪತ್ರೆ ಸೇರಿದ್ದರು. ಬೆಳಗ್ಗೆ ಪರೀಕ್ಷೆ, ಮಧ್ಯಾಹ್ನದಿಂದ ವಾರ್ಡು. ಅದು ನಲವತ್ತೊಂದು. ಎರಡು ಸಲ ಕೂಡಿಸಿ ಭಾಗಿಸಿದಳು. ಐವತ್ತೊಂಬತ್ತು ಪಾಯಿಂಟ್ ನಾಲ್ಕು. ಅಮ್ಮನ ವಿಷಯ ಬರೆಯಲು ಅರ್ಜಿಯಲ್ಲಿ ಜಾಗವಿರಲಿಲ್ಲ. ಆ ಅರ್ಜಿಯ ನಮೂನೆ ಮಾಡಿದವಳೂ ಆಕೆಯೇ. ಆಕೆ ಅರ್ಜಿಯನ್ನು ಬೂದು ಟ್ರೇಗೆ ಹಾಕಿ, ಪತ್ರದಲ್ಲಿ ತನ್ನ ಹೆಸರು ತುಂಬಿ, ಅಂಚೆಗೆ ಕಳಿಸಿದಳು.

ಮೂರು ದಿನಕ್ಕೆ ಪತ್ರ ಮನೆಗೆ ಬಂತು. ಗಂಡ ಒಡೆದು ಓದಿದ: “ನಿಮ್ಮ ಪ್ರತಿಭೆಗೆ ತಕ್ಕ ಬೇರೆ ದಾರಿ ಖಂಡಿತ ಸಿಗಲಿದೆ.” ಕನ್ನಡಕ ತೆಗೆದು ಕೇಳಿದ, “ಯಾವ ದಾರಿಯಂತೆ?”

ಆ ಸಾಲು ಬರೆದವಳಿಗೂ ಅದು ಗೊತ್ತಿರಲಿಲ್ಲ. ಆ ಪತ್ರ ಕೈಗೆ ಬಂದವರಿಗೆ ಹೇಗಾಗುತ್ತದೆಂದು ಅವತ್ತು ತಿಳಿಯಿತು.

ಮರುದಿನ ಆಕೆ ಬೀರು ತೆಗೆದು ಕಾಲೇಜು ಶುರುವಾದ ಮೊದಲ ವರ್ಷದ ಕಡತ ಹುಡುಕಿದಳು. ಈ ಅರವತ್ತು ಎಲ್ಲಿಂದ ಬಂತು? ಉತ್ತರ ಅರ್ಧ ಪುಟದಲ್ಲಿತ್ತು. ಆಗ ತರಗತಿಯಲ್ಲಿದ್ದದ್ದು ನಲವತ್ತು ಕುರ್ಚಿ. ಅಂಕದ ಪ್ರಕಾರ ಜೋಡಿಸಿದಾಗ ನಲವತ್ತನೆಯವನಿಗೆ ಸರಿಯಾಗಿ ಅರವತ್ತು ಬಂದಿತ್ತು, ಗೆರೆ ಎಳೆದಿದ್ದರು. ಈಗ ಕುರ್ಚಿಗಳು ನೂರಿಪ್ಪತ್ತು. ವಾರಾಂತ್ಯದ ತರಗತಿಯಲ್ಲಿ ಅರ್ಧಕ್ಕರ್ಧ ಖಾಲಿ.

ಆ ಕಡತವನ್ನೂ ತನ್ನ ಅರ್ಜಿಯನ್ನೂ ಹಿಡಿದು ನಿರ್ದೇಶಕರ ಮುಂದೆ ನಿಂತಳು. ಅವರು ಓದಿ ಕೆನ್ನೆ ಕೆರೆದುಕೊಂಡರು. ವಿದ್ಯಾರ್ಥಿಗಳ ಗುಣಮಟ್ಟಕ್ಕೆ ಆ ಅರವತ್ತೇ ಬುನಾದಿಯೆಂದು ಹತ್ತಾರು ಸಭೆಗಳಲ್ಲಿ ಭಾಷಣ ಮಾಡಿದವರು ಅವರು.

“ನಿಮ್ಮದೊಂದನ್ನ ನಾನು ನೋಡ್ಕೋತೀನಿ ಮೇಡಂ,” ಅಂದರು ಮೆಲ್ಲಗೆ.

“ನನ್ನದೊಂದೇ ಯಾಕೆ ಸರ್? ಟ್ರೇಯಲ್ಲಿ ಇನ್ನೂ ಮೂವತ್ತೇಳಿವೆ.”

ನಿರ್ದೇಶಕರು ಪ್ರವೇಶ ಸಮಿತಿ ಕರೆದರು; ಅದು ಮೂರು ಸಲ ಕೂತಿತು. ಮೊದಲು ಎಡವಿ ಆಮೇಲೆ ಚೇತರಿಸಿಕೊಂಡವರನ್ನು ಬೇರೆಯಾಗಿ ನೋಡಬೇಕೆಂದು ಒಬ್ಬರು, ಕೆಲಸದ ಅನುಭವ ಎಣಿಸಬೇಕೆಂದು ಇನ್ನೊಬ್ಬರು, ಕಾಲೇಜಿನ ಮಾನ ಏನಾಗಬೇಕೆಂದು ಮಿಕ್ಕವರು. ಕಡೆಗೆ ಭಾರೀ ಸುಧಾರಣೆಯೊಂದು ಹೊರಬಿತ್ತು: ಐವತ್ತೊಂಬತ್ತೂವರೆ ಬಂದವರನ್ನು ಇನ್ನು ಮುಂದೆ ಅರವತ್ತೆಂದೇ ತಿಳಿಯತಕ್ಕದ್ದು. ಹನ್ನೊಂದು ಜನ ಒಳಗೆ ಬಂದರು. ಅಭಿನಂದನೆಯ ಹನ್ನೊಂದು ಪತ್ರ ಟೈಪು ಮಾಡಿದವಳು ಕೂದಲೆಳೆಯಷ್ಟರಲ್ಲಿ ಹೊರಗುಳಿದಳು.

ನಿರ್ದೇಶಕರಿಗೆ ಮುಖ ಎತ್ತಲಾಗಲಿಲ್ಲ. ನಿಯಮ ಪುಸ್ತಕ ತಿರುವಿ ತಿರುವಿ ಒಂದು ಸಂದು ಕಂಡುಹಿಡಿದರು. ಅತಿಥಿ ಉಪನ್ಯಾಸಕರಿಗೆ ಹದಿನೈದು ವರ್ಷದ ಅನುಭವವಿದ್ದರೆ ಸಾಕು. ಸರಾಸರಿಯನ್ನು ಯಾರೂ ಕೇಳುವಂತಿಲ್ಲ. ಹೀಗೆ, ಆ ತರಗತಿಯಲ್ಲಿ ಕೂರಲು ಯೋಗ್ಯಳಲ್ಲದ ಆಕೆ ಪ್ರತಿ ಶನಿವಾರ ಒಂದು ಗಂಟೆ ಅಲ್ಲಿ ಪಾಠ ಮಾಡಲು ಯೋಗ್ಯಳಾದಳು. ವಿಷಯ: ಅಂಕಿ ನೋಡಿ ತೀರ್ಮಾನ ಮಾಡುವುದು ಹೇಗೆ.

ಮೊದಲ ದಿನ ಆಕೆ ಹಳೆಯ ಮೂವತ್ತು ಅರ್ಜಿಗಳ ಹೆಸರು ಮುಚ್ಚಿ ಪ್ರತಿ ಮಾಡಿಸಿ ಹಂಚಿ, ಹತ್ತನ್ನು ಆರಿಸಿ ಅಂದಳು. ಹತ್ತು ನಿಮಿಷಕ್ಕೆ ತರಗತಿ ಸಂತೆಯಾಯಿತು. ಆಕೆ ಕಿಟಕಿಗೊರಗಿ ಕೇಳಿಸಿಕೊಂಡಳು. ವರ್ಷಗಳಿಂದ ಅಷ್ಟು ಖುಷಿಯಾಗಿರಲಿಲ್ಲ.

ಹೊರಬರುವಾಗ ನಿರ್ದೇಶಕರು ಎದುರಾಗಿ, ಕೋರ್ಸಿನ ಕೊನೆಗೆ ಪ್ರತಿಯೊಬ್ಬರಿಗೂ ನೂರಕ್ಕೆ ಇಷ್ಟು ಅಂತ ಅಂಕ ಹಾಕಿಕೊಡಬೇಕೆಂದರು. ಆಕೆ ಯೋಚಿಸಲು ಒಂದು ವಾರ ಸಮಯ ಕೇಳಿದಳು.